ದೇವಣ್ಣ ಮರ ಎಂದರು

2016ರಲ್ಲಿ ನಾನು ಮಂಗಳೂರಿನ ಬಂದರಿಗೆ ಹತ್ತಿರದ ಒಂದು ಖಾಸಗಿ ಕಲ್ಲಿದ್ದಲು ಪರೀಕ್ಷಾಲಯದಲ್ಲಿ ಮುಖ್ಯ ವಿಶ್ಲೇಷಕಿಯಾಗಿದ್ದೆ. ಹಡಗಿನಲ್ಲಿ ಬಂದ ಇದ್ದಲಿನಲ್ಲಿ ನೀರೆಷ್ಟು, ಬೂದಿಯೆಷ್ಟು, ಉರಿಸಿದರೆ ಶಾಖವೆಷ್ಟು ಎಂದು ಅಳೆದು, ಸಹಿ ಹಾಕಿ ಕೊಡುವುದು ನನ್ನ ಕೆಲಸ. ನಾನು ವಾಸವಿದ್ದ ಶಕ್ತಿನಗರದ ನೆರೆಹೊರೆಯವರಿಗೆ ನಾನು ‘ಲ್ಯಾಬ್‌ನಲ್ಲಿ ಇರುವವರು’ ಎಂದಷ್ಟೇ ಗೊತ್ತಿತ್ತು. ಹಾಗಾಗಿ ಭಾನುವಾರ ಬೆಳಿಗ್ಗೆ ಯಾರಾದರೊಬ್ಬರು ತಮ್ಮ ಶುಗರ್ ರಿಪೋರ್ಟ್ ಹಿಡಿದು ಬಂದೇ ಬರುತ್ತಿದ್ದರು. ಮೊದಮೊದಲು ವಿವರಿಸಿ ಹೇಳುತ್ತಿದ್ದೆ. ಆಮೇಲೆ ಬೇಸತ್ತು, “ನಿಮ್ಮಲ್ಲಿ ಬೂದಿ ಕಡಿಮೆ ಇದೆ, ಚಿಂತೆ ಬೇಡ” ಎಂದು ಕಳಿಸುತ್ತಿದ್ದೆ.

ನಾನು ಮೈಸೂರಿನ ಕಡೆಯವಳು. ಭೂವಿಜ್ಞಾನ ಓದಿ, ಕಲ್ಲಿದ್ದಲಿನ ಪೆಟ್ರೋಗ್ರಫಿಯಲ್ಲಿ ತರಬೇತಿ ಪಡೆದವಳು. ಪೆಟ್ರೋಗ್ರಫಿ ಎಂದರೆ ಇದ್ದಲನ್ನು ನುಣ್ಣಗೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದು ಯಾವ ಗಿಡಮರದ ಯಾವ ಭಾಗದಿಂದ ಆಯಿತು, ಎಷ್ಟು ಮಾಗಿದೆ ಎಂದು ಓದುವ ವಿದ್ಯೆ. ಈ ವಿದ್ಯೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಆದರೆ ಮಂಗಳೂರಿನಲ್ಲಿ ಅದನ್ನು ಕೇಳುವ ಗ್ರಾಹಕರೇ ಇರಲಿಲ್ಲ. ಯಾವುದೋ ಹಳೆಯ ಒಪ್ಪಂದಕ್ಕಾಗಿ ತರಿಸಿದ್ದ ಸೂಕ್ಷ್ಮದರ್ಶಕ ಮೂಲೆಯ ಮೇಜಿನ ಮೇಲೆ, ಹೂವಿನ ಚಿತ್ತಾರದ ಒಂದು ದಿಂಬಿನ ಕವರು ಹೊದ್ದುಕೊಂಡು ಕೂತಿರುತ್ತಿತ್ತು.

ನಮ್ಮ ಗ್ರಾಹಕರಲ್ಲಿ ಒಬ್ಬರು ಉಮರ್ ಸಾಹೇಬರು. ಬ್ಯಾರಿ ಮನೆತನದ ವ್ಯಾಪಾರಸ್ಥರು. ಅಜ್ಜ ಒಣಮೀನು ಮಾರುತ್ತಿದ್ದರು, ತಂದೆ ಸೌದೆ ಮಾರಿದರು, ಇವರು ಇದ್ದಲಿಗೆ ಬಂದರು. ದೊಡ್ಡ ಆಮದುದಾರರಿಂದ ಸಣ್ಣ ಪಾಲು ಕೊಂಡು, ಹೆಂಚಿನ ಕಾರ್ಖಾನೆಗೂ ಗೋಡಂಬಿ ಕಾರ್ಖಾನೆಯ ಬಾಯ್ಲರಿಗೂ ಕೊಡುವ ವ್ಯವಹಾರ. ಅವರ ಯಾರ್ಡು ವಾಮಂಜೂರಿನ ಕಡೆ, ಮುಚ್ಚಿಹೋದ ಒಂದು ಹೆಂಚಿನ ಕಾರ್ಖಾನೆಯ ಬಯಲಿನಲ್ಲಿತ್ತು. ಒಂದು ಬದಿಗೆ ಗದ್ದೆ, ಇನ್ನೊಂದು ಬದಿಗೆ ಹೊಸದಾಗಿ ಎದ್ದ ಮನೆಗಳು.

ಯಾರ್ಡನ್ನು ನೋಡಿಕೊಳ್ಳುತ್ತಿದ್ದವರು ದೇವದಾಸ. ಬೋಳಾರದವರು, ತಲೆತಲಾಂತರದಿಂದ ಕಡಲಿಗೆ ಹೋಗುತ್ತಿದ್ದ ಮನೆಯವರು. ಮೊಣಕಾಲು ನೋವು ಬಂದ ಮೇಲೆ ದೋಣಿ ಬಿಟ್ಟು ಉಮರ್ ಸಾಹೇಬರ ಬಳಿ ಸೇರಿದ್ದರು. ಅವರ ತಂದೆ ಹಿಡಿದ ಮೀನನ್ನೇ ಸಾಹೇಬರ ಅಜ್ಜ ಒಣಗಿಸಿ ಮಾರುತ್ತಿದ್ದರಂತೆ. ಸಾಹೇಬರು ಅವರನ್ನು ದೇವಣ್ಣ ಎನ್ನುತ್ತಿದ್ದರು. ಅವರು ಸಾಹೇಬರನ್ನು ಸಾಹುಕಾರ್ರೆ ಎನ್ನುತ್ತಿದ್ದರು. ಇಬ್ಬರೂ ತಮ್ಮೊಳಗೆ ತುಳುವಿನಲ್ಲಿ ಮಾತಾಡುತ್ತಿದ್ದರು, ನನ್ನನ್ನು ಕಂಡೊಡನೆ ಕನ್ನಡಕ್ಕೆ ಬದಲಾಗುತ್ತಿದ್ದರು. ತುಳು ನನಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ.

ಆ ವರ್ಷ ಏಪ್ರಿಲ್ ಮಧ್ಯದಲ್ಲಿ ಸಾಹೇಬರಿಗೆ ಹೊಸ ಪಾಲು ಬಂತು. ಮಾರಿದವರು ಹಿಂದಿನ ಪಾಲು ಕೊಟ್ಟವರೇ. ಸ್ಯಾಂಪಲ್ ತೆಗೆಯುವುದನ್ನು ನೋಡಲು ನಾನೇ ಯಾರ್ಡಿಗೆ ಹೋಗಿದ್ದೆ. ರಾಶಿಯ ಬೇರೆ ಬೇರೆ ಕಡೆಯಿಂದ ಸಲಿಕೆಯಲ್ಲಿ ತೆಗೆದದ್ದನ್ನು ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಉಳಿಸಿಕೊಂಡು, ಮತ್ತೆ ಹಾಗೆಯೇ ಮಾಡುತ್ತ ಹೋಗಬೇಕು. ದೊಡ್ಡ ರಾಶಿಯ ಗುಣ ಒಂದು ಸಣ್ಣ ಚೀಲಕ್ಕೆ ಇಳಿಯುವುದು ಹೀಗೆ. ನಮ್ಮ ಹುಡುಗರು ಆ ಕೆಲಸದಲ್ಲಿದ್ದಾಗ ದೇವದಾಸರು ಅಂಗೈಯಗಲದ ಒಂದು ತುಂಡು ಹಿಡಿದು ನನ್ನ ಬಳಿ ಬಂದರು.

“ಮೇಡಂ, ಇದು ಇದ್ದಲಾ? ಇದು ಮರ ಅಲ್ವಾ?”

ಹೆಬ್ಬೆರಳಿನ ಉಗುರಿನಿಂದ ಅದರ ಅಂಚನ್ನು ಎಬ್ಬಿಸಿದರು. ಕಂದು ಬಣ್ಣದ ಸಿಪ್ಪೆಯಂಥದ್ದೊಂದು ಎದ್ದು ಬಂತು.

“ನೋಡಿ, ಗೆರೆ ಉಂಟು. ದೋಣಿಯ ಹಳೇ ಹಲಗೆ ಒಣಗಿದ್ರೆ ಹೀಗೇ ಪದರ ಪದರ ಏಳುದು. ಹೋದ ಸಲದ್ದು ಹೀಗೆ ಇರ್ಲಿಲ್ಲ.”

“ಎಲ್ಲ ಇದ್ದಲೂ ಒಂದು ಕಾಲಕ್ಕೆ ಮರವೇ ದೇವದಾಸರೇ” ಎಂದು ನಕ್ಕೆ.

ಪಕ್ಕದಲ್ಲಿದ್ದ ಸಾಹೇಬರೂ ನಕ್ಕರು. “ಎಂತ ದೇವಣ್ಣ, ಮೇಡಮ್ಮಿಗೇ ಪಾಠ ಮಾಡ್ಲಿಕ್ಕೆ ಹೊರಟದ್ದಾ?” ಎಂದರು. ದೇವದಾಸರು ತುಂಡನ್ನು ರಾಶಿಗೆ ಎಸೆದು ಹೋದರು. ನನ್ನ ಮಾತು ಚೆನ್ನಾಗಿತ್ತು ಎಂದು ನನಗೇ ಅನಿಸಿತ್ತು. ಸಂಜೆ ಮನೆಗೆ ಬಂದು ಗಂಡನಿಗೂ ಹೇಳಿದೆ.

ಇಲ್ಲಿ ಸ್ವಲ್ಪ ವಿವರಣೆ ಬೇಕು. ಸತ್ತ ಗಿಡಮರಗಳು ಜೌಗಿನಲ್ಲಿ ಹೂತು, ಮೇಲಿನ ಮಣ್ಣಿನ ಭಾರಕ್ಕೂ ಒಳಗಿನ ಬಿಸಿಗೂ ಸಿಕ್ಕಿ ಕೋಟ್ಯಂತರ ವರ್ಷ ಮಾಗಿದರೆ ಇದ್ದಲಾಗುತ್ತದೆ. ಈ ಮಾಗುವಿಕೆಯ ಮೊದಲ ಮೆಟ್ಟಿಲು ಲಿಗ್ನೈಟ್. ಕಂದು ಬಣ್ಣ, ತುಂಬ ನೀರು, ತುಂಬ ಆಮ್ಲಜನಕ, ಕಡಿಮೆ ಇಂಗಾಲ. ಅದರ ಮೇಲಿನ ಮೆಟ್ಟಿಲು ಸಬ್-ಬಿಟುಮಿನಸ್. ಅದಕ್ಕೂ ಮೇಲೆ, ನಾವೆಲ್ಲ ಕಲ್ಲಿದ್ದಲು ಎಂದೊಡನೆ ನೆನೆಯುವ ಕಪ್ಪಗೆ ಹೊಳೆಯುವ ಬಿಟುಮಿನಸ್. ಮೊದಲ ಎರಡು ಮೆಟ್ಟಿಲುಗಳ ನಡುವಿನ ಅಂತರ ಸಣ್ಣದು. ನೋಡಲು ಒಂದನ್ನೊಂದು ಹೋಲುತ್ತವೆ, ಒಣಗಿಸಿ ಅಳೆದರೆ ಅಂಕಿಗಳೂ ಹತ್ತಿರ ಹತ್ತಿರ ಬರುತ್ತವೆ.

ಆ ಒಣಗಿಸುವುದರಲ್ಲೇ ಇರುವುದು ಕಷ್ಟ. ಬಹುಪಾಲು ಗ್ರಾಹಕರು ಕೇಳುವುದು ‘ಏರ್ ಡ್ರೈಡ್’ ಫಲಿತಾಂಶ. ಇದ್ದಲನ್ನು ಸಣ್ಣ ತುಂಡುಗಳಾಗಿ ಒಡೆದು ತಟ್ಟೆಯಲ್ಲಿ ಹರಡಿ, ಕೋಣೆಯ ಗಾಳಿಗೆ ಅದರ ತೂಕ ನಿಲ್ಲುವವರೆಗೆ ಬಿಟ್ಟು, ಆಮೇಲೆ ಅಳೆಯುವುದು. ಗಣಿಯಿಂದ ಬಂದಾಗ ಲಿಗ್ನೈಟ್‌ನಲ್ಲಿ ಎಷ್ಟು ನೀರಿತ್ತು ಎಂಬ ಕಥೆ ಆ ತಟ್ಟೆಯಲ್ಲೇ ಹಾರಿಹೋಗುತ್ತದೆ. ಉಮರ್ ಸಾಹೇಬರೂ ಕೇಳಿದ್ದು ಇಷ್ಟನ್ನೇ. ಫಲಿತಾಂಶ ಬಂತು: ತೇವಾಂಶ ಶೇಕಡ 14, ಬೂದಿ 6, ಆವಿಯಾಗಿ ಹೋಗುವ ಭಾಗ 43, ಉಳಿದ ಸ್ಥಿರ ಇಂಗಾಲ 37. ಶಾಖ ಕಿಲೋಗೆ 5,250 ಕಿಲೋಕ್ಯಾಲರಿ. ಹಿಂದಿನ ಸಲಕ್ಕಿಂತ ತುಸು ಕಡಿಮೆ, ಅಷ್ಟೆ.

ನಮ್ಮ ವರದಿಗೆ ಕಂಪ್ಯೂಟರಿನಲ್ಲಿ ಒಂದು ಸಿದ್ಧ ನಮೂನೆ ಇತ್ತು. ಹಳೆಯ ವರದಿಯನ್ನು ತೆರೆದು, ಅಂಕಿಗಳನ್ನು ಬದಲಿಸಿ, ಹೊಸ ಹೆಸರಿನಲ್ಲಿ ಉಳಿಸುವುದು ಎಲ್ಲರ ರೂಢಿ. ನನ್ನದೂ ಅದೇ. ಅಂಕಿಗಳ ಮೇಲೆ ಒಂದು ಸಾಲು ಇರುತ್ತಿತ್ತು: ‘ಇದ್ದಲಿನ ವಿಧ’. ಅದರ ಮುಂದೆ ‘ಸಬ್-ಬಿಟುಮಿನಸ್’ ಎಂದು ಹಿಂದಿನ ಸಲವೇ ಬರೆದಿತ್ತು. ನಾನು ಅದನ್ನು ಮುಟ್ಟಲಿಲ್ಲ. ಮುಟ್ಟಬೇಕೆಂದು ಹೊಳೆಯಲೂ ಇಲ್ಲ. ಸಹಿ ಹಾಕಿದೆ.

ಮೇ ಮಧ್ಯದಲ್ಲಿ ಉಮರ್ ಸಾಹೇಬರು ಫೋನ್ ಮಾಡದೆ ನೇರ ನನ್ನ ಕೋಣೆಗೆ ಬಂದರು. ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕುವವರು, ಅವತ್ತು ತೋಳಿಗೆಲ್ಲ ಮಸಿ ಹತ್ತಿತ್ತು.

“ಮೇಡಂ, ನಿನ್ನೆ ಬೆಳಿಗ್ಗೆ ಯಾರ್ಡಿನಲ್ಲಿ ಬೆಂಕಿ. ರಾಶಿಯ ಒಳಗಿಂದ ಹೊಗೆ ಬಂತು. ಈಗ ಎಂತ ಇಲ್ಲ, ಜೆಸಿಬಿ ತರಿಸಿ ಎಳೆದು ಹರಡಿ ಆಯ್ತು.”

ಹೊಗೆ ಪಕ್ಕದ ಮನೆಗಳಿಗೆ ನುಗ್ಗಿತ್ತು. ಅಲ್ಲಿಯವರು ದೂರು ಕೊಟ್ಟಿದ್ದರು. ಬೆಂಕಿಗೆ ಕಾರಣವೇನು, ಹೊಣೆ ಯಾರು ಎಂದು ಸಂಬಂಧಪಟ್ಟ ಕಚೇರಿಯಿಂದ ಲಿಖಿತ ಉತ್ತರ ಕೇಳಿದ್ದರು.

“ದೇವಣ್ಣನ ಬೀಡಿ ಮೇಡಂ” ಎಂದರು ಸಾಹೇಬರು. ಆ ಮಾತನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. “ರಾಶಿಯ ಹತ್ತಿರ ಸೇದ್ಬೇಡ ಅಂತ ಎರಡು ದಿನ ಮೊದಲೇ ಬೈದಿದ್ದೆ. ನಿನ್ನೆ ರಾಶಿಯ ಬುಡದಲ್ಲಿ ಬೀಡಿ ತುಂಡು ಸಿಕ್ಕಿತು. ಅವನ ಅಂಗೈ ಸುಟ್ಟದ್ದು ಬೇರೆ. ಕೆಲಸದಿಂದ ನಿಲ್ಲಿಸಿದ್ದೇನೆ.”

“ಅವರೇನು ಹೇಳುತ್ತಾರೆ?”

“ಸೇದಿದ್ದು ಗೇಟಿನ ಹತ್ರ, ರಾಶಿ ಹತ್ರ ಅಲ್ಲ ಅಂತ. ಹೊಗೆ ನೋಡಿ ಕೈ ಹಾಕಿದ್ದು ಅಂತ. ಎಲ್ಲರೂ ಹಾಗೆಯೇ ಹೇಳುದಲ್ವಾ?”

ಅವರಿಗೆ ನನ್ನಿಂದ ಬೇಕಾದದ್ದು ಒಂದು ಕಾಗದ. ಹಿಂದಿನ ಸಲದ ಸಬ್-ಬಿಟುಮಿನಸ್ ಇದ್ದಲು ಅದೇ ಯಾರ್ಡಿನಲ್ಲಿ ಎರಡು ತಿಂಗಳಿದ್ದರೂ ಏನೂ ಆಗಿರಲಿಲ್ಲ. ಇದೂ ಅದೇ ವಿಧ, ನಾಲ್ಕು ವಾರದೊಳಗೆ ತಾನಾಗಿ ಹೊತ್ತಿಕೊಳ್ಳುವಂಥದ್ದಲ್ಲ ಎಂದು ಪರೀಕ್ಷಾಲಯ ಬರೆದುಕೊಟ್ಟರೆ, ಬೆಂಕಿ ಹೊರಗಿನಿಂದ ಬಂತು ಎಂದಾಗುತ್ತದೆ. ಆಮೇಲೆ ಕಚೇರಿಗೆ ಕೊಡುವ ಉತ್ತರದಲ್ಲಿ ದೇವದಾಸರ ಹೆಸರು ಬರೆಯುವುದು.

“ಹೆಸರು ಬರೆದ್ರೆ ಪೊಲೀಸ್ ಕಂಪ್ಲೇಂಟೂ ಆಗ್ತದೆ ಅಂತಾರೆ. ಇಷ್ಟು ವರ್ಷದ ನಂಟು ಮೇಡಂ. ನನಗೆ ಖುಷಿಯಾ ಇದು? ಬರೆಯದಿದ್ರೆ ಯಾರ್ಡಿಗೆ ಬೀಗ.”

ನಾಳೆ ಕೊಡುತ್ತೇನೆ ಎಂದೆ. ಐದು ಸಾಲಿನ ಕಾಗದ, ಹತ್ತು ನಿಮಿಷದ ಕೆಲಸ.

ಕಾಗದದಲ್ಲಿ ಹಾಕಲು ಅಂಕಿಗಳು ಬೇಕಿದ್ದವು, ಅದಕ್ಕೆ ಪ್ರಯೋಗಾಲಯದ ರಿಜಿಸ್ಟರು ತರಿಸಿದೆ. ಒಣಗಿಸುವ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ತಂತ್ರಜ್ಞೆ ಶೈಲಜಾ, ಪ್ರತಿ ತಟ್ಟೆಯ ತೂಕವನ್ನು ಹೊತ್ತುಹೊತ್ತಿಗೆ ಬರೆದಿಡುತ್ತಿದ್ದಳು. ಸಾಹೇಬರ ಸ್ಯಾಂಪಲಿನ ಎದುರು ತೂಕದ ಸಾಲು ಉಳಿದವರದ್ದಕ್ಕಿಂತ ಎರಡು ಪಟ್ಟು ಉದ್ದವಿತ್ತು. ಕೊನೆಗೆ ಪೆನ್ಸಿಲಿನಲ್ಲಿ ಒಂದು ಟಿಪ್ಪಣಿ: ‘ತೂಕ ಇಳಿಯುತ್ತಲೇ ಇದೆ. ತುಂಡುಗಳು ತಟ್ಟೆಯಲ್ಲೇ ಬಿರುಕು ಬಿಡುತ್ತಿವೆ. ಮೇಡಂಗೆ ತೋರಿಸಬೇಕು.’

ಕರೆದು ಕೇಳಿದೆ.

“ತೋರಿಸ್ಲಿಕ್ಕೆ ಬಂದಿದ್ದೆ ಮೇಡಂ” ಎಂದಳು. “ನೀವು ಫೋನಿನಲ್ಲಿ ಇದ್ರಿ. ಆಮೇಲೆ ಅಂತ ಕೈ ಮಾಡಿದ್ರಿ.”

ಆ ‘ಆಮೇಲೆ’ ಒಂದು ತಿಂಗಳು ತಡವಾಗಿ ಬಂದಿತ್ತು. ಗಾಳಿಗಿಟ್ಟೊಡನೆ ನೀರು ಬಿಟ್ಟು ಬಿರಿಯುವುದು ಲಿಗ್ನೈಟ್‌ನ ಹುಟ್ಟುಗುಣ. ಎಂ.ಎಸ್ಸಿ. ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ. ಪೆನ್ನು ತೆಗೆದು ಒಂದು ಭಾಗಾಕಾರ ಮಾಡಿದೆ. ತೇವ ಮತ್ತು ಬೂದಿಯನ್ನು ಕಳೆದು, ಉಳಿದ ಶುದ್ಧ ಇದ್ದಲಿನಲ್ಲಿ ಆವಿಯಾಗುವ ಭಾಗ ಎಷ್ಟೆಂದು ನೋಡುವ ಲೆಕ್ಕ. ಶೇಕಡ 54ರ ಹತ್ತಿರ ಬಂತು. ಹಿಂದಿನ ಪಾಲಿನದು 50. ಇದೊಂದರಿಂದಲೇ ಏನನ್ನೂ ಸಾಬೀತುಪಡಿಸಲಾಗದು, ಆದರೆ ಅನುಮಾನ ಪಡಲು ಸಾಕು. ಏಪ್ರಿಲ್‌ನಲ್ಲಿ ಈ ಒಂದು ಭಾಗಾಕಾರ ಮಾಡಲು ನನಗೆ ಪುರುಸೊತ್ತಿರಲಿಲ್ಲ.

ಪ್ರತಿ ಸ್ಯಾಂಪಲಿನ ಒಂದು ಪಾಲನ್ನು ಮೊಹರು ಮಾಡಿ ಅರವತ್ತು ದಿನ ಇಟ್ಟುಕೊಳ್ಳುವುದು ನಮ್ಮ ನಿಯಮ. ತಕರಾರು ಬಂದರೆ ತೆರೆಯಲು. ಸಾಹೇಬರದ್ದು ಕಪಾಟಿನಲ್ಲಿ ಭದ್ರವಾಗಿತ್ತು. ಸಾಹೇಬರಿಗೆ ಫೋನ್ ಮಾಡಿ, ಇನ್ನೂ ಮೂರು ದಿನ ಬೇಕು ಎಂದೆ. ಯಾಕೆ ಎಂದು ಕೇಳಿದರು. ಒಂದು ಪರೀಕ್ಷೆ ಬಾಕಿ ಇದೆ ಎಂದೆ. ಸೂಕ್ಷ್ಮದರ್ಶಕದ ಮೇಲಿನ ದಿಂಬಿನ ಕವರು ತೆಗೆದು ಕೊಡವಿದೆ.

ಇದ್ದಲಿನ ಕಾಳುಗಳನ್ನು ಎಪಾಕ್ಸಿ ಅಂಟಿನಲ್ಲಿ ಕಲಸಿ, ಅಚ್ಚಿಗೆ ಸುರಿದು ಗಟ್ಟಿಯಾಗಲು ಬಿಟ್ಟು, ಆ ಬಿಲ್ಲೆಯ ಮುಖವನ್ನು ಉಜ್ಜಬೇಕು. ಮೊದಲು ತರಿ ಕಾಗದ, ಆಮೇಲೆ ನಯ ಕಾಗದ, ಕೊನೆಗೆ ಬಟ್ಟೆಯ ಮೇಲೆ ಅಲ್ಯೂಮಿನಾ ಪುಡಿ. ಕನ್ನಡಿಯಂತೆ ಆಗಬೇಕು, ಒಂದು ಗೀರೂ ಇರಕೂಡದು. ಉಜ್ಜುವಾಗ ಹಾಕುವ ನೀರನ್ನು ಕುಡಿದರೆ ಲಿಗ್ನೈಟ್ ಉಬ್ಬಿ ಕಿತ್ತುಬರುತ್ತದೆ. ನನ್ನ ಮೊದಲ ಬಿಲ್ಲೆ ಹಾಗೆಯೇ ಹಾಳಾಯಿತು. ಹಾಳಾದದ್ದೇ ಅರ್ಧ ಉತ್ತರ ಎಂದು ಮನಸ್ಸಿಗೆ ಗೊತ್ತಾದರೂ ಎರಡನೆಯದನ್ನು ಮಾಡಿದೆ.

ಮೂರನೆಯ ದಿನ ಮಧ್ಯಾಹ್ನ ಮಸೂರದ ಮೇಲೆ ಎಣ್ಣೆಯ ಹನಿ ಇಟ್ಟು ಕಣ್ಣು ಹಚ್ಚಿದೆ. ಕಂಡದ್ದು ಮರ. ಒಂದರ ಪಕ್ಕ ಒಂದು ಕೂಡಿಸಿಟ್ಟ ಜೀವಕೋಶಗಳ ಗೋಡೆಗಳು, ನಡುವೆ ಅವುಗಳ ಖಾಲಿ ಕೋಣೆಗಳು, ಕೆಲವು ಚಪ್ಪಟೆಯಾಗಿ, ಹಲವು ಇನ್ನೂ ದುಂಡಗೆ. ಮಾಗಿದ ಇದ್ದಲಿನಲ್ಲಿ ಈ ಗೋಡೆಗಳು ಕರಗಿ ಒಂದೇ ಹಾಳೆಯಂತೆ ಆಗಿಬಿಟ್ಟಿರುತ್ತವೆ. ಇಲ್ಲಿ ಕಾಂಡವನ್ನು ಅಡ್ಡ ಕೊಯ್ದು ಇಟ್ಟಂತಿತ್ತು. ಲಿಗ್ನೈಟ್‌ನ ಈ ಮರದ ಅಂಶವನ್ನು ನಮ್ಮ ಶಾಸ್ತ್ರದಲ್ಲಿ ಹ್ಯೂಮಿನೈಟ್ ಎನ್ನುತ್ತಾರೆ. ಎಣಿಸಿದ ನೂರು ಬಿಂದುಗಳಲ್ಲಿ ಎಂಬತ್ತಕ್ಕೂ ಹೆಚ್ಚು ಅದೇ. ನೀಲಿ ಬೆಳಕು ಹಾಯಿಸಿದಾಗ ಕೋಶಗಳ ನಡುವೆ ಅಲ್ಲಲ್ಲಿ ಹಳದಿ ಮಿನುಗಿತು. ಅದು ರೆಸಿನೈಟ್, ಅಂದರೆ ಆ ಮರದ ಅಂಟು. ಕೋಶದ ಕೋಣೆಗಳಲ್ಲಿ ರವೆ ಉಂಡೆಯಂಥ ಪುಟ್ಟ ಹೊಳೆಯುವ ಗುಂಡುಗಳಿದ್ದವು. ಅವು ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿ ಆದದ್ದು.

ಕೊನೆಗೆ ಪ್ರತಿಫಲನ. ಇದ್ದಲು ಮಾಗಿದಷ್ಟೂ ತನ್ನ ಮೇಲೆ ಬಿದ್ದ ಬೆಳಕನ್ನು ಹೆಚ್ಚು ಹಿಂದಿರುಗಿಸುತ್ತದೆ. ಈ ಅಳತೆ ಶೇಕಡ 0.4ಕ್ಕಿಂತ ಕಡಿಮೆ ಬಂದರೆ ಲಿಗ್ನೈಟ್. ನೂರು ಕಡೆ ಅಳೆದೆ. ಸರಾಸರಿ 0.31. ಗಂಧಕವನ್ನೂ ಅಳೆಸಿದೆ; ಸಾಹೇಬರು ಎಂದೂ ಕೇಳಿರದ ಪರೀಕ್ಷೆ ಅದು. ಶೇಕಡ ಎರಡರ ಮೇಲೆ ಬಂತು. ಮಾರಿದವರು ಅದೇ ಹೆಸರಿನಲ್ಲಿ ಬೇರೆ, ಎಳೆಯ ಪದರದ ಇದ್ದಲು ಕಳಿಸಿದ್ದರು ಎಂಬುದು ಸ್ಪಷ್ಟವಾಯಿತು.

‘ಎಲ್ಲ ಇದ್ದಲೂ ಒಂದು ಕಾಲಕ್ಕೆ ಮರವೇ’ ಎಂಬ ನನ್ನ ಮಾತು ಕಿವಿಯಲ್ಲಿ ಕೇಳಿ, ಒಬ್ಬಳೇ ಇದ್ದರೂ ಮುಖ ಬಿಸಿಯಾಯಿತು. ನಾಚಿಕೆಯ ಜೊತೆ ಹೆದರಿಕೆಯೂ ಇತ್ತು. ತಪ್ಪು ವರದಿಗೆ ಸಹಿ ಹಾಕಿದವಳು ಎಂದು ನನ್ನ ಮೇಲೆ ನಾನೇ ಬರೆದುಕೊಳ್ಳಬೇಕು. ಬರೆಯದಿದ್ದರೆ ಕೇಳುವವರು ಯಾರೂ ಇಲ್ಲ. ಇನ್ನೊಂದು ತಿಂಗಳಿಗೆ ಆ ಮೊಹರು ಮಾಡಿದ ಡಬ್ಬಿ ನಿಯಮದ ಪ್ರಕಾರವೇ ಕಸಕ್ಕೆ ಹೋಗುತ್ತಿತ್ತು.

ಬೇರೆ ಊರಿನಲ್ಲಿದ್ದ ನಮ್ಮ ಮಾಲೀಕರಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಒಂದೇ ಮಾತು ಹೇಳಿದರು. “ಯಾರೂ ಕೇಳದ ಪ್ರಶ್ನೆಗೆ ನಾವೇಕೆ ಉತ್ತರ ಬರೆಯಬೇಕು ಮೇಡಂ?”

“ಕೇಳಿದ್ದಾರೆ ಸರ್. ಏಪ್ರಿಲ್‌ನಲ್ಲೇ ಕೇಳಿದ್ದಾರೆ” ಎಂದೆ. ಯಾರು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಲಿಗ್ನೈಟ್ ಗಾಳಿಯ ಆಮ್ಲಜನಕವನ್ನು ಹೀರುತ್ತ ಬಿಸಿಯಾಗುತ್ತದೆ ನಿಜ. ಪೈರೈಟ್ ಇದ್ದರೆ ಇನ್ನೂ ಬೇಗ. ಆದರೆ ತಗ್ಗಾಗಿ ಹರಡಿ, ಒತ್ತಿ, ಗಾಳಿಯಾಡದಂತೆ ಮುಚ್ಚಿದರೆ ತಿಂಗಳುಗಟ್ಟಲೆ ಇರುತ್ತದೆ. ಇದು ನಾಲ್ಕೇ ವಾರದಲ್ಲಿ ಹೊತ್ತಿಕೊಂಡದ್ದು ಹೇಗೆ? ಮರುದಿನ ವಾಮಂಜೂರಿಗೆ ಹೋದೆ.

ರಾಶಿಯ ಒಂದು ಭಾಗ ಸುಡದೆ, ಇಟ್ಟಂತೆಯೇ ಉಳಿದಿತ್ತು. ಸುತ್ತು ಬಂದು ನೋಡಿದೆ. ತಳದಲ್ಲಿ ತೆಂಗಿನ ದಿಮ್ಮಿಗಳನ್ನು ಗೇಣುಗೇಣು ದೂರಕ್ಕೆ ಸಾಲಾಗಿ ಹಾಸಿ, ಅದರ ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಇದ್ದಲು ಏರಿಸಿದ್ದರು. ಮೇಲೆ ಟಾರ್ಪಾಲು, ಅದರ ಅಂಚು ನೆಲಕ್ಕೆ ತಾಗದಂತೆ ಮೊಣಕಾಲೆತ್ತರಕ್ಕೆ ಕಟ್ಟಿತ್ತು. ದಿಮ್ಮಿಗಳ ಸಂದುಗಳೆಲ್ಲ ಪಡುವಣ ಗದ್ದೆಯ ಕಡೆಗೆ, ಹಗಲಲ್ಲಿ ಕಡಲ ಗಾಳಿ ಬೀಸುವ ದಿಕ್ಕಿಗೆ ಬಾಯಿ ತೆರೆದಿದ್ದವು. ನಾನು ನಿಂತಲ್ಲಿಗೇ ಆ ಸಂದಿನಿಂದ ತಣ್ಣಗೆ ಗಾಳಿ ಬರುತ್ತಿತ್ತು.

“ಹೀಗೆ ಜೋಡಿಸಿದ್ದು ಯಾರು?” ಎಂದು ಜೊತೆಗಿದ್ದ ಸಾಹೇಬರನ್ನು ಕೇಳಿದೆ.

“ದೇವಣ್ಣನೇ. ನಮ್ಮ ಅಜ್ಜ ಒಣಮೀನಿನ ದಾಸ್ತಾನು ಹೀಗೇ ಇಡುದು. ಅಡಿಯಲ್ಲಿ ಗಾಳಿ ಆಡ್ಬೇಕು, ನೆಲದ ತಂಡಿ ತಾಗ್ಬಾರ್ದು. ಸೌದೆಗೂ ಹಾಗೇ. ಈ ಸಲ ಮಳೆಗಾಲ ಪೂರ್ತಿ ಇಡ್ಲಿಕ್ಕುಂಟಲ್ಲ, ಅದಕ್ಕೆ ಅವನೇ ದಿಮ್ಮಿ ತಂದು, ನಾಲ್ಕು ದಿನ ನಿಂತು ಮಾಡಿಸಿದ.” ಸಾಹೇಬರ ದನಿಯಲ್ಲಿ ಆಗಲೂ ಸ್ವಲ್ಪ ಹೆಮ್ಮೆ ಇತ್ತು.

ಒಲೆಗೆ ಸೌದೆ ಒಟ್ಟುವುದೂ ಹೀಗೆಯೇ. ಒಳಗಿನ ಬಿಸಿ ಹೊರಗೆ ಹೋಗುವಷ್ಟಲ್ಲ, ಒಳಗೆ ಆಮ್ಲಜನಕ ತಲುಪುವಷ್ಟು ಗಾಳಿ, ಹಗಲೆಲ್ಲ ನಿಧಾನವಾಗಿ. ಲಿಗ್ನೈಟ್‌ಗೆ ಇದಕ್ಕಿಂತ ಕೆಟ್ಟ ವ್ಯವಸ್ಥೆಯನ್ನು ಬೇಕೆಂದೇ ಮಾಡಲೂ ಕಷ್ಟ. ಅದನ್ನು ಅತ್ಯಂತ ಕಾಳಜಿಯಿಂದ ಮಾಡಿದ್ದರು. ಅಲ್ಲೇ ನಿಂತು ಸಾಹೇಬರಿಗೆ ಎಲ್ಲವನ್ನೂ ಹೇಳಿದೆ: ಇದ್ದಲು ಯಾವುದು, ನನ್ನ ವರದಿಯ ಆ ಸಾಲು ಹೇಗೆ ಬಂತು, ಬೆಂಕಿ ಎಲ್ಲಿ ಹುಟ್ಟಿತು. ಬೀಡಿಯ ಕಿಡಿ ರಾಶಿಯ ಮೈಗೆ ತಾಗಬಹುದೇ ಹೊರತು ಹೊಟ್ಟೆಯೊಳಗೆ ಹೋಗಿ ಹೊತ್ತಿಸಲಾರದು ಎಂದೂ ಹೇಳಿದೆ.

ಸಾಹೇಬರು ಟೋಪಿ ತೆಗೆದು ತಲೆ ಒರೆಸಿಕೊಂಡರು. ನನಗೆ ಬೈಯುತ್ತಾರೆ ಎಂದುಕೊಂಡೆ, ಬೈದರೆ ಹಗುರವಾಗುತ್ತಿತ್ತು.

“ಅವ ನನ್ನ ಹತ್ರ ಮೂರು ಸಲ ಬಂದ ಮೇಡಂ. ಸೀಮೆಎಣ್ಣೆ ಹಾಗೆ ವಾಸನೆ ಬರ್ತದೆ, ಬೆಳಿಗ್ಗೆ ಆವಿ ಏಳ್ತದೆ ಅಂತ. ನಾನು ನಿಮ್ಮ ರಿಪೋರ್ಟ್ ತೆಗೆದು ನೋಡಿದೆ. ಹೋದ ಸಲದ್ದೇ ಮಾಲು, ಸುಮ್ಮನಿರು ಮಾರಾಯ ಅಂತ ಕಳಿಸಿದೆ.” ಟೋಪಿ ಮತ್ತೆ ಹಾಕಿಕೊಂಡು, “ಹೋಗುವ. ನೀವೂ ಬನ್ನಿ” ಎಂದರು.

ಬೋಳಾರದಲ್ಲಿ ನದಿಯ ಕಡೆಗಿನ ಇಳಿಜಾರಿನಲ್ಲಿ ದೇವದಾಸರ ಮನೆ. ಜಗಲಿಯಲ್ಲಿ ಕೂತು ಎಡಗೈಯಲ್ಲೇ ಬಲೆಯ ಗಂಟು ಬಿಡಿಸುತ್ತಿದ್ದರು. ಬಲಗೈಗೆ ಬ್ಯಾಂಡೇಜು. ನಮ್ಮನ್ನು ಕಂಡು ಎದ್ದು ನಿಂತರು. ಕುಳಿತುಕೊಳ್ಳಿ ಎಂದರು, ಒಳಗೆ ನೋಡಿ ಚಾ ಮಾಡಲು ಹೇಳಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

ಸಾಹೇಬರು ಜಗಲಿಯ ಅಂಚಿನಲ್ಲಿ ಕೂತರು. ನಾನೇ ಹೇಳಿದೆ. ಶಾಸ್ತ್ರವನ್ನೆಲ್ಲ ಬಿಟ್ಟು, ಇದು ಬೇರೆ ಜಾತಿಯ ಇದ್ದಲು, ಗಾಳಿ ತಾಗಿದರೆ ಒಳಗೊಳಗೇ ಬಿಸಿಯಾಗುತ್ತದೆ, ಅಡಿಯಿಂದ ಗಾಳಿ ಹೋಗಿ ಹೊತ್ತಿಕೊಂಡಿತು, ಬೀಡಿ ಕಾರಣವಲ್ಲ ಎಂದೆ. ಅವರು ತಲೆ ಬಗ್ಗಿಸಿ ಪೂರ್ತಿ ಕೇಳಿದರು.

“ಅಂದ್ರೆ ಬೀಡಿ ಅಲ್ಲ” ಎಂದರು. ಆಮೇಲೆ ನಿಧಾನವಾಗಿ, “ಆ ದಿಮ್ಮಿ ಇಟ್ಟದ್ದು ನಾನು. ಅಂದ್ರೆ ನಾನೇ ಸುಟ್ಟದ್ದಾ ಮೇಡಂ?”

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಒಬ್ಬರನ್ನು ಆರೋಪದಿಂದ ಬಿಡಿಸಲು ಹೋಗಿ ಇನ್ನೊಂದನ್ನು ಅವರ ತಲೆಗೆ ಕಟ್ಟಿದಂತಾಗಿತ್ತು.

“ಅಲ್ಲ” ಎಂದೆ. “ಇದು ಲಿಗ್ನೈಟ್ ಎಂದು ನಾನು ಬರೆದಿದ್ದರೆ ಹೇಗೆ ಇಡಬೇಕೆಂದೂ ಹೇಳುತ್ತಿದ್ದೆ. ನೀವು ಹಾಗೆಯೇ ಇಡುತ್ತಿದ್ದಿರಿ. ನೀವು ಮೊದಲ ದಿನವೇ ಮರ ಎಂದಿರಿ. ನಾನು ನಕ್ಕೆ. ತಪ್ಪು ನನ್ನದು, ಕ್ಷಮಿಸಿ.”

ಆಗ ಸಾಹೇಬರು ಬಾಯಿ ತೆರೆದರು, ತುಳುವಿನಲ್ಲಿ. ತಾನೂ ನಕ್ಕೆ, ತಾನು ಮೂರು ಸಲ ಹಿಂದೆ ಕಳಿಸಿದೆ, ಊರೆಲ್ಲ ನಿನ್ನ ಹೆಸರು ಹೇಳಿದೆ ಎಂದರು. ನಾಳೆಯಿಂದ ಬಾ ಎಂದರು. ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು. ದೇವದಾಸರು ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನದಿಯ ಕಡೆ ನೋಡುತ್ತಿದ್ದರು.

“ಬರ್ತೇನೆ ಸಾಹುಕಾರ್ರೆ” ಎಂದರು ಕನ್ನಡದಲ್ಲಿ, ನನಗೂ ಕೇಳಲಿ ಎಂಬಂತೆ. “ಆದ್ರೆ ಮೊದಲು ಮೇಡಂ ಎಂತ ನೋಡಿದ್ದು ಅಂತ ನನಗೂ ನೋಡ್ಬೇಕು.”

ತಿದ್ದಿದ ವರದಿಯನ್ನು ಆ ವಾರವೇ ಕೊಟ್ಟೆ. ಅದರಲ್ಲಿ ಹಿಂದಿನ ವರದಿಯ ತಪ್ಪು ಮತ್ತು ಅದಕ್ಕೆ ಹೊಣೆ ಯಾರೆಂಬುದನ್ನು ಬರೆದಿದ್ದೆ. ಸಾಹೇಬರು ಅದನ್ನೇ ಲಗತ್ತಿಸಿ ಕಚೇರಿಗೆ ಉತ್ತರ ಕೊಟ್ಟರು. ದೇವದಾಸರ ಹೆಸರು ಅದರಲ್ಲಿ ಇರಲಿಲ್ಲ. ಉಳಿದ ಲಿಗ್ನೈಟನ್ನು ತಗ್ಗಾಗಿ ಹರಡಿ, ರೋಲರಿನಲ್ಲಿ ಒತ್ತಿಸಿ, ಮಳೆ ಹಿಡಿಯುವ ಮೊದಲೇ ಬಾಯ್ಲರುಗಳಿಗೆ ಸಾಗಿಸಿದರು. ಮುಂದಿನ ಆಡಿಟ್‌ನಲ್ಲಿ ನನ್ನ ಹೆಸರಿನ ಎದುರು ಒಂದು ಟಿಪ್ಪಣಿ ಬಿತ್ತು, ನಿವೃತ್ತಿಯವರೆಗೂ ಕಡತದಲ್ಲಿ ಇತ್ತು. ಒಬ್ಬ ಗ್ರಾಹಕರು ನಮ್ಮನ್ನು ಬಿಟ್ಟರು. ಉಮರ್ ಸಾಹೇಬರು ಬಿಡಲಿಲ್ಲ.

ಮಾಲೀಕರ ಒಪ್ಪಿಗೆ ಕೇಳದೆ ನಾನು ಒಂದು ಬದಲಾವಣೆ ಮಾಡಿದೆ. ವರದಿಯ ನಮೂನೆಯಲ್ಲಿ ‘ಇದ್ದಲಿನ ವಿಧ’ ಎಂಬ ಸಾಲನ್ನು ಖಾಲಿ ಬಿಡಿಸಿದೆ. ಯಾರೇ ಬರೆಯಲಿ, ಪ್ರತಿ ಸಲ ಕೈಯಿಂದಲೇ ತುಂಬಬೇಕು. ತುಂಬುವ ಮೊದಲು ಶೈಲಜಾಳ ರಿಜಿಸ್ಟರು ನೋಡಿ ಅಲ್ಲಿ ಸಹಿ ಹಾಕಬೇಕು. ಈ ವೃತ್ತಿ ನನಗೆ ಕಲಿಸಿದ್ದನ್ನು ಹೇಳೆಂದರೆ ಇಷ್ಟೇ ಹೇಳುತ್ತೇನೆ: ನಾವು ಅಳೆದದ್ದರಲ್ಲಿ ತಪ್ಪುವುದು ಅಪರೂಪ. ಅಳೆಯದೆಯೇ ಗೊತ್ತು ಎಂದುಕೊಂಡದ್ದರಲ್ಲಿ ತಪ್ಪುತ್ತೇವೆ. ಅದನ್ನು ತೋರಿಸಲು ಬಂದವರಿಗೆ ಸರಿಯಾದ ಮಾತನ್ನೇ ಹೇಳಿಯೂ ಬಾಯಿ ಮುಚ್ಚಿಸಬಹುದು. ನಾನು ದೇವದಾಸರಿಗೆ ಹೇಳಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅವರು ಲ್ಯಾಬಿಗೆ ಬಂದದ್ದು ಜೂನ್ ಮೊದಲ ವಾರ, ಕೊಡೆಯನ್ನು ಬಾಗಿಲ ಹೊರಗೇ ಮಡಚಿಟ್ಟು. ಚಪ್ಪಲಿಯನ್ನೂ ಕಳಚಿಟ್ಟಿದ್ದರು, ಬೇಡವೆಂದರೂ ಕೇಳಲಿಲ್ಲ. ಕುರ್ಚಿಯ ಎತ್ತರ ಸರಿಮಾಡಿ ಕೂರಿಸಿದೆ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಹಚ್ಚಿ, ನಾನು ತೋರಿಸಿದ ತಿರುಪನ್ನು ಎಡಗೈಯಲ್ಲಿ ಮೆಲ್ಲಗೆ ತಿರುಗಿಸಿದರು. ಕೋಶದ ಗೋಡೆ, ಅಂಟು, ಪೈರೈಟ್ ಎಂದು ನಾನು ವಿವರಿಸುತ್ತ ಹೋದೆ. ಅವರು ಕೇಳುತ್ತಿರಲಿಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಾತು ನಿಲ್ಲಿಸಿದೆ.

ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ, ಆ ಘಟನೆಯ ನಂತರ ಮೊದಲ ಸಲ ನಕ್ಕರು.

“ಇದು ಮರವೇ ಅಲ್ವಾ ಮೇಡಂ?”

“ಹೌದು ದೇವಣ್ಣ, ಮರವೇ” ಎಂದೆ.